ಸಂಜೆ ಏಳು ಗಂಟೆಗೆ ಜೊತೆ ಕೂತವರಿಗೆ

ಈ ತಿಂಗಳಿಗೆ ನಾನು ಕುಡಿತ ಬಿಟ್ಟು ಒಂದು ವರ್ಷ ತುಂಬಿತು. ಮೀಟಿಂಗ್‌ನಲ್ಲಿ ಪದಕ ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾಲ್ಕು ಮಾತು ಆಡೋಣ ಅಂತ ಎದ್ದರೆ ಗಂಟಲು ಕಟ್ಟಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ನಮ್ಮದು, ಆಲ್ಕೋಹಾಲಿಕ್ಸ್ ಅನಾನಿಮಸ್ ಅಂತ. ಅಲ್ಲಿ ಹೆಸರನ್ನು ಹೊರಗೆ ಹೇಳುವ ಪದ್ಧತಿಯಿಲ್ಲ. ಹಾಗಾಗಿ ನನ್ನ ಹೆಸರೂ ಇಲ್ಲಿಲ್ಲ, ನಾನು ಥ್ಯಾಂಕ್ಸ್ ಹೇಳಬೇಕಾದವರದ್ದೂ ಇಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ಮೊದಲು ನಮ್ಮ ಡಾಕ್ಟರಮ್ಮನಿಗೆ ಥ್ಯಾಂಕ್ಸ್. "ಇವತ್ತಿಂದಲೇ ಮುಟ್ಟಲ್ಲ" ಅಂತ ಹಟ ಹಿಡಿದಿದ್ದ ನನ್ನನ್ನು ಅವರು ಕೂರಿಸಿಕೊಂಡು ಮಾತಾಡಿದರು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುವುದಷ್ಟೇ ಅಲ್ಲ, ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವಕ್ಕೇ ಅಪಾಯ ಆಗಬಹುದು ಅಂದರು. ಅಡ್ಮಿಟ್ ಮಾಡಿಸಿಕೊಂಡರು. ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟು ಆ ಕೆಟ್ಟ ದಿನಗಳನ್ನು ದಾಟಿಸಿದರು. ಮನೆಗೆ ಕಳಿಸುವಾಗ ಹೇಳಿದ್ದು ಇಷ್ಟು: "ಇನ್ಮೇಲೆ ನಿಮಗೆ ಔಷಧಿಗಿಂತ ಜನ ಜಾಸ್ತಿ ಬೇಕು. ಒಂದು ಮೀಟಿಂಗ್ ಸರಿಹೋಗ್ಲಿಲ್ಲ ಅಂದ್ರೆ ಇನ್ನೊಂದಕ್ಕೆ ಹೋಗಿ. ಬಿಟ್ಬಿಡ್ಬೇಡಿ."

ಆ ಮಾತು ಎಷ್ಟು ಬೇಗ ಕೆಲಸಕ್ಕೆ ಬಂತು ಅಂದರೆ! ನಾನು ಮೊದಲು ಹೋದ ಗುಂಪಿನವರು ಒಳ್ಳೆಯ ಜನ. ಆದರೆ ಮಾತೆಲ್ಲ ಇಂಗ್ಲಿಷ್‌ನಲ್ಲಿ. ಕೇಳಿದರೆ ಅರ್ಥವಾಗುತ್ತಿತ್ತು. ಅಪ್ಪನ ತಿಥಿಯ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಇಂಗ್ಲಿಷ್‌ನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಸುಮ್ನೆ ಕೂತಿದ್ದೆ. ಮುಗಿದ ಮೇಲೆ ಹಿರಿಯರೊಬ್ಬರು ಬಳಿ ಬಂದು ಕನ್ನಡದಲ್ಲಿ ಕೇಳಿದರು: "ನಿಮಗೆ ಕುಡೀಬೇಕು ಅಂತ ಜಾಸ್ತಿ ಅನ್ಸೋದು ಯಾವ ಹೊತ್ತಲ್ಲಿ?" ಸಂಜೆ, ಜನರಲ್ ಶಿಫ್ಟ್ ಮುಗಿಸಿ ಪೀಣ್ಯದಿಂದ ಮನೆಗೆ ಹೊರಟಾಗ ಅಂದೆ. "ಹಾಗಾದ್ರೆ ಆ ಹೊತ್ತಿಗೇ ನಡೆಯೋ ಕನ್ನಡ ಮೀಟಿಂಗ್ ನೋಡೋಣ" ಅಂತ ನಿಂತಲ್ಲೇ ಫೋನ್ ಮಾಡಿದರು.

ಸಾರ್, ನೀವು ನನ್ನನ್ನು ನಿಮ್ಮ ಗುಂಪಿನಲ್ಲೇ ಉಳಿಸಿಕೊಳ್ಳಲು ನೋಡಲಿಲ್ಲ. ನನಗೆ ಸರಿಹೊಂದುವ ಕಡೆಗೆ ಕಳಿಸಿಕೊಟ್ಟಿರಿ. ಅದಕ್ಕೆ ನಾನು ನಿಮಗೆ ಸದಾ ಋಣಿ.

ಆ ಕನ್ನಡ ಮೀಟಿಂಗ್ ನಡೆಯುವುದು ಒಂದು ಶಾಲೆಯ ಕೋಣೆಯಲ್ಲಿ. ಫೀಸ್ ಇಲ್ಲ, ಜಾತಿ ಕೇಳುವುದಿಲ್ಲ. ಬಾಡಿಗೆಗೆ, ಟೀಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ದರೆ ಸಾಕು, ಸೇರಬಹುದು. ಒಬ್ಬರು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ. ಅಷ್ಟು ದಿನ ಎಲ್ಲರಿಂದ ಬುದ್ಧಿಮಾತು ಕೇಳಿ ಕೇಳಿ ಸೋತಿದ್ದ ನನಗೆ ಅದೇ ದೊಡ್ಡ ಸಮಾಧಾನ. ಎಷ್ಟೋ ವಾರ ನಾನು ಬಾಯಿಯೇ ಬಿಡಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಕೊನೆಗೊಂದು ದಿನ ತಿಥಿಯ ದಿನದ್ದನ್ನೆಲ್ಲ ಹೇಳಿದೆ. ಪಕ್ಕದಲ್ಲಿದ್ದ ಆಟೋ ಓಡಿಸುವ ಅಣ್ಣ ಟೀ ಲೋಟ ನನ್ನ ಕೈಗೆ ಕೊಟ್ಟು, "ನಮ್ಮನೇಲೂ ಇಂಥದ್ದೇ ಆಗಿತ್ತು" ಅಂದ. ಇವತ್ತು ಅವನೇ ನನ್ನ ಸ್ಪಾನ್ಸರ್, ಅಂದರೆ ನನಗಿಂತ ಮೊದಲೇ ಕುಡಿತ ಬಿಟ್ಟು ಈಗ ನನ್ನ ಕೈಹಿಡಿದು ನಡೆಸುವ ಜೊತೆಗಾರ. ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಎತ್ತುತ್ತಾನೆ.

ಈ ಸಂಘ ಶುರುವಾದ ಬಗೆಯನ್ನು ನನಗೆ ಹೇಳಿದ್ದೂ ಅವನೇ. 1935ರಲ್ಲಿ ಅಮೆರಿಕದ ಏಕ್ರನ್ ಊರಿಗೆ ಕೆಲಸದ ಮೇಲೆ ಹೋಗಿದ್ದ ಬಿಲ್ ಎಂಬವರಿಗೆ ಮತ್ತೆ ಕುಡಿಯುವ ಭಯ ಶುರುವಾಯಿತಂತೆ. ತನ್ನಂತೆಯೇ ಕಷ್ಟಪಡುತ್ತಿರುವ ಇನ್ನೊಬ್ಬರ ಜೊತೆ ಮಾತಾಡಲೇಬೇಕು ಅಂತ ಹುಡುಕಿದಾಗ ಸಿಕ್ಕಿದ್ದು ಡಾಕ್ಟರ್ ಬಾಬ್ ಎಂಬ ಸರ್ಜನ್. ಅವರಿಬ್ಬರ ಮಾತುಕತೆಯಿಂದಲೇ ಇದೆಲ್ಲ ಬೆಳೆಯಿತು. ನಾನು ಫೋನ್ ಮಾಡಿದರೆ ತನಗೂ ಒಳ್ಳೆಯದೇ ಅಂತ ಅಣ್ಣ ಯಾಕೆ ಹೇಳುತ್ತಾನೆ ಅನ್ನುವುದು ನನಗೆ ಆಗ ತಿಳಿಯಿತು.

ಬೆಳ್ತಂಗಡಿಯ ಭಾವನಿಗೂ ನಮಸ್ಕಾರ. ಅವರು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರದಿಂದ ಕುಡಿತ ಬಿಟ್ಟವರು. ಶಿಬಿರ ಮುಗಿದ ಮೇಲೂ, ಅಲ್ಲಿ ಕುಡಿತ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿಯ ಜೊತೆಗಾರರನ್ನು ಕೈಬಿಟ್ಟಿಲ್ಲ. ಅಕ್ಕನ ಮನೆಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿಯ ರೀತಿ ಬೇರೆ, ಭಜನೆ ಪ್ರಾರ್ಥನೆ ಎಲ್ಲ ಇರುತ್ತದೆ. ಭಾವನಿಗೆ ಅದು ಹಿಡಿಸಿದೆ, ನನಗೆ ನಮ್ಮ ಶಾಲೆಯ ಕೋಣೆ. ಇಬ್ಬರೂ ಕುಡಿಯದೆ ಇದ್ದೇವೆ ಅಲ್ವಾ, ಅಕ್ಕನಿಗೆ ಅಷ್ಟು ಸಾಕು.

ನನ್ನ ಹೆಂಡತಿಯ ಬಗ್ಗೆ ಬರೆಯಲು ಅವಳ ಅನುಮತಿ ಕೇಳಿದೆ. "ನನ್ನ ಗುಂಪಿನ ಬಗ್ಗೆ ಬರೀರಿ, ಗೊತ್ತಿಲ್ಲದವರಿಗೆ ಗೊತ್ತಾಗ್ಲಿ" ಅಂದಳು. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಅಂತ ಬೇರೆಯೇ ಗುಂಪುಗಳಿವೆ. ಗಂಡ ಬಿಡಲಿ ಬಿಡದಿರಲಿ, ಹೆಂಗಸರು ಅಲ್ಲಿಗೆ ಹೋಗಬಹುದು. ನನಗಿಂತ ಮೊದಲೇ ಅವಳು ಹೋಗಲು ಶುರುಮಾಡಿದ್ದಳು. ಅವಳ ಮುಖದಲ್ಲಿ ಮತ್ತೆ ನಗು ಕಾಣಿಸುವ ಹಾಗೆ ಮಾಡಿದ ಆ ಅಕ್ಕಂದಿರಿಗೆ ಕೈಮುಗಿದು ಥ್ಯಾಂಕ್ಸ್ ಹೇಳುತ್ತೇನೆ.

ಎಲ್ಲಿಂದ ಶುರುಮಾಡಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ 14446 ಸಹಾಯವಾಣಿ ಇದೆ, ಕರೆ ಉಚಿತ. ಪೀಣ್ಯ ಕಡೆಯವರು ಯಾರಾದರೂ ಒಬ್ಬರೇ ಹೋಗಲು ಹಿಂಜರಿಯುತ್ತಿದ್ದರೆ ನನಗೆ ಹೇಳಿ. ಶಿಫ್ಟ್ ಮುಗಿಸಿಕೊಂಡು ನಾನೇ ಜೊತೆಗೆ ಬರುತ್ತೇನೆ. ಈ ತಿಂಗಳು ಟೀ ಮಾಡುವ ಪಾಳಿಯೂ ನನ್ನದೇ.