ಪಾಲೀನ್ ಬೋಟಿ ಅವರ ಚಿತ್ರದ ಚರ್ಚೆಯ ಕುರಿತು

ಸದಸ್ಯರೆಲ್ಲರಿಗೂ ಶರಣು.

ನಿನ್ನೆ ಅಕ್ಕನವರೊಬ್ಬರು ಗುಂಪಿಗೆ ಹಾಕಿದ್ದು ಬ್ರಿಟನ್ನಿನ ಪಾಪ್ ಕಲೆಯ (ಸಿನಿಮಾ, ಜಾಹೀರಾತುಗಳ ಚಿತ್ರಗಳನ್ನು ಬಳಸುವ ಕಲಾಪಂಥ) ಕಲಾವಿದೆ ಪಾಲೀನ್ ಬೋಟಿ 1962ರಲ್ಲಿ ಬಿಡಿಸಿದ ಚಿತ್ರ. ಚಿತ್ರವನ್ನು ಬಿಟ್ಟು, ಹಾಕಿದವರ ನಡತೆಯನ್ನೇ ಪ್ರಶ್ನಿಸಿದ ಎರಡು ಸಂದೇಶಗಳನ್ನು ನಾನು ಅಳಿಸಿದ್ದೇನೆ; ಅವು ನನಗೆ ಬಹಳ ನೋವು ತಂದವು.

ದಯವಿಟ್ಟು ಚಿತ್ರವನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿರಿ. ಫ್ರೆಂಚ್ ನಟ ಬೆಲ್ಮೊಂಡೊ ಕಪ್ಪು ಕನ್ನಡಕ ಹಾಕಿಕೊಂಡು ಕಪ್ಪು-ಬಿಳುಪಿನಲ್ಲಿದ್ದಾನೆ. ಅವನ ಟೊಪ್ಪಿಗೆಯ ಮೇಲೆ ಭಾರೀ ಕೆಂಪು ಗುಲಾಬಿಯೊಂದು ಎಸಳು ಬಿಚ್ಚಿ ಕುಳಿತಿದೆ, ಮೇಲಂಚಿನಲ್ಲಿ ಹೃದಯಗಳ ಸಾಲಿದೆ. ಬೆತ್ತಲೆ ಮೈ ಎಲ್ಲಿಯೂ ಇಲ್ಲ. ಪೋಸ್ಟರು, ಜಾಹೀರಾತುಗಳಲ್ಲಿ ಗಂಡಸರ ಕಣ್ಣಿಗೆ ಸರಕಾಗಿದ್ದ ಹೆಣ್ಣು ಇಲ್ಲಿ ಚಿತ್ರ ಬಿಡಿಸಿದ ಬೋಟಿಯ ರೂಪದಲ್ಲಿ ತಾನೇ ನೋಡುವವಳಾಗಿ, ತನ್ನ ಬಯಕೆಯನ್ನು ಆ ಗುಲಾಬಿಯ ಮೂಲಕ ಅಂಜದೆ, ಗಂಡಸಿನ ಮರ್ಯಾದೆಗೂ ಕುಂದು ತಾರದೆ ಹೇಳಿಕೊಂಡಿದ್ದಾಳೆ ಎಂಬುದೇ ಕೆಲವರಿಗೆ ಕಸಿವಿಸಿಯಾಗಿರಬೇಕು. 28ನೆಯ ವಯಸ್ಸಿಗೇ, 1966ರಲ್ಲಿ ತೀರಿಕೊಂಡ ಬೋಟಿಯ ಕೆಲಸ ದಶಕಗಳ ಕಾಲ ಮರೆವಿಗೆ ಸಂದಿತ್ತು.

ಇಂಥದ್ದು ನಮ್ಮ ಸಂಸ್ಕೃತಿಯಲ್ಲ ಎಂದು ಬರೆದವರು ನಮ್ಮ ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಲಜ್ಜಾಗೌರಿಯ ಹಳೆಯ ಶಿಲ್ಪದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ: ತಲೆಯ ಜಾಗದಲ್ಲಿ ಕಮಲ, ಅಗಲಿಸಿದ ತೊಡೆಗಳು, ಆದರೂ ಆಕೆ ದೇವಿ.

ಚಿತ್ರ ಮೆಚ್ಚದವರೂ ಧಾರಾಳವಾಗಿ ಬರೆಯಬಹುದು. ಬಣ್ಣ, ರೇಖೆ, ಅರ್ಥ ಯಾವುದರ ಬಗ್ಗೆಯಾದರೂ ಸರಿ, ಭಾನುವಾರದೊಳಗೆ ನಿಮ್ಮ ಅನಿಸಿಕೆಯನ್ನು ಇಲ್ಲಿಯೇ ತಿಳಿಸಿರಿ. ಗುಂಪಿನ ಹೆಣ್ಣುಮಕ್ಕಳು ಮೊದಲು ಬರೆದರೆ ನನಗೆ ಸಂತೋಷ.