ಪರಿಶುದ್ಧ ಜೀವನವೂ ಕೆಲಸದವರ ಸಂಬಳವೂ

ಮಾನ್ಯ ಸಂಪಾದಕರಿಗೆ,

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಲೆಂತ್ ಕಾಲ ಬಂತೆಂದರೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಪರಿಶುದ್ಧ ಜೀವನದ ಕುರಿತಾದ ಪ್ರಸಂಗಗಳು ಹೆಚ್ಚುತ್ತವೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಮಾಂಸ, ಮದ್ಯ, ಆಡಂಬರಗಳನ್ನು ಬಿಟ್ಟಿರುವ ಕ್ರಮವನ್ನು ನಾನೂ ಪಾಲಿಸುತ್ತೇನೆ. ಅದನ್ನು ಹಗುರವಾಗಿ ಕಾಣುವ ಉದ್ದೇಶ ಈ ಪತ್ರಕ್ಕಿಲ್ಲ. ಆದರೆ ಏನನ್ನು ತಿನ್ನಬಾರದು, ಎಲ್ಲಿಗೆ ಹೋಗಬಾರದು ಎಂಬಲ್ಲಿಗೇ ಪರಿಶುದ್ಧತೆ ಮುಗಿದುಹೋಗಿ, ಮನೆಯ ಹಣಕಾಸು, ಕೆಲಸದವರ ಸಂಬಳ, ಕೊಡುಕೊಳ್ಳುವಿಕೆಯ ಕಾಗದಪತ್ರಗಳು ಅದರ ಹೊರಗೇ ಉಳಿಯುತ್ತಿರುವುದು ಸರಿಯಲ್ಲ.

ದೇವರು ಪರಿಶುದ್ಧನಾಗಿರುವುದರಿಂದ ಆತನ ಜನರೂ ಪರಿಶುದ್ಧರಾಗಿರಬೇಕೆಂಬ ಆಜ್ಞೆ ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯದ ಆರಂಭದಲ್ಲಿದೆ; ಪೇತ್ರನ ಮೊದಲ ಪತ್ರ ನೆನಪಿಸುವುದೂ ಇದನ್ನೇ. ಆ ಅಧ್ಯಾಯವನ್ನು ಮುಂದೆ ಓದಿದರೆ ಸಿಗುವುದು ಧ್ಯಾನದ ವಿಧಾನವಲ್ಲ. ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಳ್ಳಬಾರದು, ಚಾಡಿ ಹೇಳುತ್ತ ತಿರುಗಬಾರದು, ತಕ್ಕಡಿಯೂ ತೂಕದ ಕಲ್ಲೂ ನ್ಯಾಯವಾಗಿರಬೇಕು ಎಂದು ಅದು ವಿಧಿಸುತ್ತದೆ. (ಎರಡು ಬಗೆಯ ನೂಲು ಸೇರಿದ ಬಟ್ಟೆಯನ್ನು ಉಡಬಾರದೆಂಬ ಮಾತೂ ಅಲ್ಲಿದೆ, ಅದನ್ನು ಇಂದು ನಮ್ಮಲ್ಲಿ ಯಾರೂ ಪಾಲಿಸುವುದಿಲ್ಲ, ಆದರೆ ಕೂಲಿಯ ಮಾತನ್ನು ಹಾಗೆ ಬದಿಗಿಡಲಾಗದು, ಏಕೆಂದರೆ ಯಾಕೋಬನು ಹೊಸ ಒಡಂಬಡಿಕೆಯಲ್ಲಿ ಅದನ್ನು ಇನ್ನೂ ಕಠಿಣವಾಗಿ ಎತ್ತುತ್ತಾನೆ.)

ನಮ್ಮ ಕರಾವಳಿಯ ಚರಿತ್ರೆಯೂ ಇದಕ್ಕೆ ದೂರವಾದುದಲ್ಲ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್, ಸಭೆಗೆ ಸೇರಿದವರು ಕಳ್ಳು ಇಳಿಸುವ ಕಸುಬನ್ನು ಬಿಡಬೇಕೆಂದು ಕೇಳಿತು. ಮಿಷನರಿಗಳ ಕಟ್ಟುನಿಟ್ಟು ಅತಿಯಾಯಿತೆಂದು ಹೇಳುವವರಿದ್ದಾರೆ, ನನಗೂ ಕೆಲವೊಮ್ಮೆ ಹಾಗನ್ನಿಸಿದೆ. ಆದರೂ ಜಾತಿಯ ಆಸರೆಯೂ ಕಸುಬೂ ಒಟ್ಟಿಗೇ ತಪ್ಪಿಹೋದವರಿಗಾಗಿ ಅದೇ ಮಿಷನ್ ನೇಯ್ಗೆಯ ಕೆಲಸವನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಬಿಡಿ ಎಂದವರೇ ಹೊಟ್ಟೆಪಾಡಿನ ಹೊಣೆಯನ್ನೂ ಹೊತ್ತರು. ಬಿಡಿ ಎನ್ನುವ ಭಾಗವನ್ನಷ್ಟೇ ನಾವು ಇಂದಿಗೂ ಜತನದಿಂದ ಕಾಪಾಡಿಕೊಂಡು ಬಂದಿದ್ದೇವೆ.

ಇಂದಿನ ನಡವಳಿಕೆಯನ್ನು ನೋಡೋಣ. ನಲವತ್ತು ದಿನ ಮೀನು ಮಾಂಸ ಮುಟ್ಟದ ಮನೆಯಲ್ಲಿಯೇ, ಜ್ವರವೆಂದು ಎರಡು ದಿನ ಬಾರದ ಕೆಲಸದಾಕೆಯ ಸಂಬಳ ಮುರಿದುಕೊಳ್ಳುವುದು ಯಾರಿಗೂ ವಿಚಿತ್ರವಾಗಿ ತೋರುವುದಿಲ್ಲ. ಜಾಗದ ನಿಜವಾದ ಬೆಲೆಯೊಂದು, ನೋಂದಣಿ ಪತ್ರದಲ್ಲಿ ಬರೆಸುವ ಬೆಲೆ ಇನ್ನೊಂದಾದಾಗ, ಅದನ್ನು ಲೋಕರೂಢಿಯೆಂದು ಸಮಾಧಾನ ಮಾಡಿಕೊಂಡು, ಉಳಿದ ಹಣದಲ್ಲಿ ಸಭೆಗೆ ಸಲ್ಲುವ ಹತ್ತನೆಯ ಒಂದು ಪಾಲಾದ ದಶಮಾಂಶವನ್ನು ಮಾತ್ರ ತಪ್ಪದೆ ಕೊಡುವವರನ್ನು ಭಕ್ತಿವಂತರೆಂದೇ ಕರೆಯುತ್ತೇವೆ. ಮದುವೆಯ ಮಾತುಕತೆಯಲ್ಲಿ ಮತಾಂತರಕ್ಕೆ ಹಿಂದಿನ ಜಾತಿಯನ್ನು ಕೇಳುವ ಕುಟುಂಬಗಳು ಈಗಲೂ ಇವೆ. ಸಭೆಯ ಚುನಾವಣೆ ಬಂದಾಗ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಮಾತುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಹೀಗೆ ಬರೆದರೆ, ರಕ್ಷಣೆ ಕೃಪೆಯಿಂದಲೇ ಹೊರತು ಕ್ರಿಯೆಗಳಿಂದಲ್ಲ ಎಂದು ಹಿರಿಯರು ಆಕ್ಷೇಪಿಸಬಹುದು. ಅದು ನಿಜವೇ. ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯನ ವಿಷಯದಲ್ಲಿಯೂ ಯೇಸು ಸ್ವಾಮಿ ತಾನಾಗಿ ಅವನ ಮನೆಗೆ ಹೊರಟದ್ದು ಮೊದಲು, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಅವನು ಎದ್ದುನಿಂತು ಹೇಳಿದ್ದು ಆಮೇಲೆ. ಆದರೆ ಅವನು ಹಾಗೆ ಹೇಳದೆ ಊಟಕ್ಕಷ್ಟೇ ಕುಳಿತಿದ್ದರೆ, ಅವನಿಂದ ಸುಲಿಗೆಗೊಳಗಾದ ಯೆರಿಕೋವಿನ ಜನರಿಗೆ ಆ ಕೃಪೆಯಿಂದ ಏನು ಸಿಗುತ್ತಿತ್ತು? ಪರಿಶುದ್ಧತೆಯ ಕರೆ ಗುರುಗಳಿಗೂ ಧರ್ಮಭಗಿನಿಯರಿಗೂ ಮಾತ್ರವಲ್ಲ, ಸಂಸಾರಸ್ಥರಿಗೂ ದುಡಿಯುವವರಿಗೂ ಸೇರಿದ್ದೆಂದು ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತ್ತು. ಪ್ರೊಟೆಸ್ಟಂಟರಾದ ನಮಗೆ ಸಭಾ ಸುಧಾರಕ ಲೂಥರನ ಕಾಲದಿಂದಲೂ ಈ ಮಾತು ಗೊತ್ತಿದೆಯೆಂಬ ಹೆಮ್ಮೆಯಿದೆ, ಅಷ್ಟೇ.

ಆದ್ದರಿಂದ ಸಭಾಪಾಲಕರಲ್ಲಿಯೂ ಸಭಾ ಸಮಿತಿಗಳಲ್ಲಿಯೂ ನನ್ನದೊಂದು ವಿನಂತಿ. ವಾರ್ಷಿಕ ಸಭೆಯಲ್ಲಿ ಜಮಾಖರ್ಚನ್ನು ಓದುವಾಗ, ಚರ್ಚ್ ಗುಡಿಸುವವರಿಗೂ ಕಾವಲುಗಾರರಿಗೂ ಸಭೆಯ ಶಾಲೆಗಳ ತಾತ್ಕಾಲಿಕ ಶಿಕ್ಷಕರಿಗೂ ಕೊಡುವ ತಿಂಗಳ ಸಂಬಳವನ್ನು ಪ್ರತ್ಯೇಕವಾಗಿ, ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನದ ಪಕ್ಕದಲ್ಲಿಟ್ಟು ಓದಿ ಹೇಳಲಿ. ಕೊರತೆ ಕಂಡುಬಂದರೆ, ಹೊಸ ಗೋಪುರಕ್ಕೋ ಧ್ವನಿವರ್ಧಕಕ್ಕೋ ಕಾಣಿಕೆ ಎತ್ತುವ ಮೊದಲು ಅದನ್ನು ತುಂಬಿಸಿಕೊಡಲಿ.

ಇಂತಿ,
ಸಭೆಯೊಂದರ ಸದಸ್ಯ, ಮಂಗಳೂರು