ಮನೆಯವರೂ ಕೂತು ಕೇಳಲಿ

ಮಾನ್ಯ ಸಂಪಾದಕರೇ,

ಗ್ರಾಮೀಣ ಮಹಿಳೆಯರಿಗೆ ಆರೋಗ್ಯ ಮತ್ತು ಪೌಷ್ಟಿಕ ಆಹಾರದ ಬಗ್ಗೆ ತಿಳಿವಳಿಕೆ ನೀಡುವ ಕೆಲಸ ಬಹುತೇಕ ಅವರು ಗರ್ಭಿಣಿಯರಾದ ಮೇಲೆಯೇ ಆರಂಭವಾಗುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಗೆ ಬುನಾದಿಯಾಗುವ ನರನಾಳವು ಗರ್ಭ ನಿಂತ ಮೊದಲ 4 ವಾರಗಳಲ್ಲೇ, ಅಂದರೆ ಎಷ್ಟೋ ತಾಯಂದಿರಿಗೆ ಗರ್ಭ ನಿಂತಿರುವುದು ಖಚಿತವಾಗುವ ಮುನ್ನವೇ, ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಗರ್ಭಧಾರಣೆಗೆ ಪ್ರಯತ್ನಿಸುವ ಹಂತದಿಂದ 12ನೇ ವಾರದವರೆಗೆ ನರನಾಳದ ದೋಷಗಳನ್ನು ತಡೆಯಲು ನೆರವಾಗುವ ಫೋಲಿಕ್ ಆಮ್ಲವೆಂಬ ಬಿ ಜೀವಸತ್ವವನ್ನು ದಿನಕ್ಕೆ 400 ಮೈಕ್ರೊಗ್ರಾಂನಷ್ಟು ಸೇವಿಸುವಂತೆ ಸಲಹೆ ನೀಡಿದೆ. ಹೀಗಾಗಿ ಈ ಪಾಠ ಮದುವೆಗೆ ಮೊದಲೇ ಆರಂಭವಾಗಬೇಕು.

ಹದಿಹರೆಯದ ಗರ್ಭಧಾರಣೆಯ ಅಪಾಯ, ಒಂದು ಹೆರಿಗೆಯ ನಂತರ ಮತ್ತೆ ಗರ್ಭ ಧರಿಸಲು ಕನಿಷ್ಠ 24 ತಿಂಗಳ ಅಂತರ, ಮೊದಲ 6 ತಿಂಗಳು ಎದೆಹಾಲು ಮಾತ್ರ, ಊಟದ ಜೊತೆಗೆ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಹೀರಲ್ಪಡುವುದಿಲ್ಲ ಎಂಬಂಥ ಸಂಗತಿಗಳನ್ನು ಮಹಿಳೆಯರು ಬೇಗನೆ ಗ್ರಹಿಸುತ್ತಾರೆ. ಆದರೆ ಮದುವೆ ಯಾವಾಗ, ಮಕ್ಕಳು ಯಾವಾಗ, ಮನೆಗೆ ಯಾವ ಆಹಾರ ತರಬೇಕು ಎಂಬ ತೀರ್ಮಾನಗಳು ಅನೇಕ ಮನೆಗಳಲ್ಲಿ ಗಂಡ ಮತ್ತು ಹಿರಿಯರ ಕೈಯಲ್ಲಿರುವಾಗ, ಅವಳೊಬ್ಬಳಿಗೇ ಬೋಧಿಸಿ ಜವಾಬ್ದಾರಿಯನ್ನೆಲ್ಲ ಅವಳ ತಲೆಗೆ ಕಟ್ಟುವುದು ಅನ್ಯಾಯವೆಂದೇ ನನ್ನ ಭಾವನೆ. ಇಂಥ ತರಗತಿಗಳಿಗೆ ಗಂಡಂದಿರನ್ನೂ ಅತ್ತೆ-ಮಾವಂದಿರನ್ನೂ ಕರೆಯುವುದನ್ನು ಕಡ್ಡಾಯಗೊಳಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಓದುಗರೊಬ್ಬರು